ಮೂರು ಸೂಜಿತೂತು: ದೋನ್ಯಾ ಕಸಿಲ್ದಾ ಅವರೂ ಒಂದು ಮನೆತನದ ಹೆಸರೂ

ಮನೆತನದ ಹೆಸರುಗಳ ಚರಿತ್ರೆಯನ್ನು ಅಭ್ಯಾಸ ಮಾಡುವ ವಿದ್ವಾಂಸರಿಗೆ ಸ್ಪೇನ್ ದೇಶದಲ್ಲಿ ಕೊರತೆಯಿಲ್ಲ. ಊರಿನಿಂದ ಬಂದ ಹೆಸರು, ಕಸುಬಿನಿಂದ ಬಂದ ಹೆಸರು, ತಂದೆಯ ಹೆಸರಿಗೆ ಬಾಲ ಕಟ್ಟಿಕೊಂಡು ಬಂದ ಹೆಸರು ಎಂದು ವಿಂಗಡಿಸಿ ದಪ್ಪ ಸಂಪುಟಗಳನ್ನು ಹೊರತಂದವರು ನಮ್ಮ ನಡುವೆಯೇ ಹಲವರಿದ್ದಾರೆ. ಅವರ ಸಾಲಿನಲ್ಲಿ ಸಾಂತಾ ಒಲಾಯಾ ಊರಿನ ದೋನ್ಯಾ ಕಸಿಲ್ದಾ ಎಕ್ಸ್‌ಪೋಸಿತೊ ಲಾರಾ ಅವರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲ. ಅವರು ಅಚ್ಚು ಹಾಕಿಸಿದ್ದು ಒಂದೇ ಪುಸ್ತಕ, ಅದೂ ಬರಿಯ ದಾಖಲೆಸೂಚಿ. ಅವರು ಅಭ್ಯಾಸ ಮಾಡಿದ್ದು ಒಂದೇ ಹೆಸರು, ಅದೂ ತಮ್ಮದೇ. ಆದರೆ ನಲವತ್ತೇಳು ವರ್ಷ ಒಂದೇ ಮೇಜಿನ ಮುಂದೆ ಕೂತು, ಒಂದೇ ಹೆಸರನ್ನು ಹಿಡಿದು, ಅದರ ಬೆನ್ನಟ್ಟಿ ಬಂದ ನೂರಾರು ಮಂದಿಗೆ ಮುಖ ಕೊಟ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ಈ ಜೂನ್ ತಿಂಗಳ ಕೊನೆಗೆ ನಮ್ಮ ಇಗರ್ಜಿಯ ದಾಖಲೆಕೋಣೆಯ ಬೀಗದ ಕೈಯನ್ನು ಅವರು ಬೇರೆಯವರಿಗೆ ಒಪ್ಪಿಸುತ್ತಿದ್ದಾರೆ. ಅವರ ಗೌರವಾರ್ಥವಾಗಿ ಹೊರಬರುತ್ತಿರುವ ಈ ಸಂಪುಟಕ್ಕೆ, ಅವರ ಪಕ್ಕದ ಕೋಣೆಯಲ್ಲಿ ಬಹುಕಾಲ ಕೆಲಸ ಮಾಡಿದ ಮುದುಕನೊಬ್ಬ ತಿಳಿದಷ್ಟನ್ನು ಬರೆಯುತ್ತಿದ್ದಾನೆ.

ಎಕ್ಸ್‌ಪೋಸಿತೊ ಎಂಬ ಆ ಹೆಸರಿಗೆ ಲ್ಯಾಟಿನ್ನಿನಲ್ಲಿ 'ಹೊರಗೆ ಇಟ್ಟದ್ದು' ಎಂದು ಅರ್ಥ. ಹಿಂದೆ ನಮ್ಮ ಊರಿನ ಧರ್ಮಾಸ್ಪತ್ರೆಯ ಗೋಡೆಯಲ್ಲಿ ಮರದ ಒಂದು ತಿರುಗುಗೂಡು ಇತ್ತು. ಹೊರಗಿನಿಂದ ಮಗುವನ್ನು ಅದರಲ್ಲಿ ಮಲಗಿಸಿ, ಗಂಟೆಯ ಹಗ್ಗ ಎಳೆದು, ಇಟ್ಟವರು ಹೊರಟುಹೋಗುತ್ತಿದ್ದರು. ಒಳಗಿನ ಸನ್ಯಾಸಿನಿ ಗೂಡನ್ನು ತಿರುಗಿಸಿ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಯಾರಿಗೂ ಯಾರ ಮುಖವೂ ಕಾಣುತ್ತಿರಲಿಲ್ಲ. ಮರುದಿನ ಜ್ಞಾನಸ್ನಾನ ಮಾಡಿಸಿ, ಆ ದಿನದ ಸಂತನ ಹೆಸರನ್ನು ಮುಂದಕ್ಕೂ ಈ ಹೆಸರನ್ನು ಹಿಂದಕ್ಕೂ ಇಟ್ಟು ಪುಸ್ತಕದಲ್ಲಿ ಬರೆಯುತ್ತಿದ್ದರು. ಮನೆ ಇಲ್ಲದ ಮಗುವಿಗೆ ಇದೇ ಮನೆತನದ ಹೆಸರಾಯಿತು. ಅಂಥ ಮಕ್ಕಳನ್ನು ಹೀನಾಯವಾಗಿ ಕರೆದವರಿಗೆ ದಂಡ ಹಾಕಬೇಕೆಂದು ಸಾವಿರದ ಏಳುನೂರ ತೊಂಬತ್ತನಾಲ್ಕರಲ್ಲೇ ರಾಜಾಜ್ಞೆ ಹೊರಟಿತ್ತು. ಆದರೆ ಬೈಯಬಾರದೆಂದು ಆಜ್ಞೆ ಮಾಡಬಹುದೇ ಹೊರತು, ಹೆಸರೇ ಬೈಗುಳದಂತೆ ಕೇಳಿಸುವಾಗ ದೊರೆಯಾದರೂ ಏನು ಮಾಡಿಯಾನು?

ಕಸಿಲ್ದಾ ಅವರ ತಂದೆ ಬೆನಿಗ್ನೊ ಎಕ್ಸ್‌ಪೋಸಿತೊ ರುಯಿಸ್ ಎಣ್ಣೆಗಾಣದಲ್ಲಿ ಕೆಲಸಕ್ಕಿದ್ದರು. ನಮ್ಮಲ್ಲಿ ತಂದೆಯ ಮನೆತನದ ಹೆಸರು ಮೊದಲು, ತಾಯಿಯದು ಆಮೇಲೆ ಬರುತ್ತದೆ. ಬೆನಿಗ್ನೊ ಅವರ ಅಜ್ಜ ಇಲಾರಿಯೊ ಆ ಗೂಡಿನಿಂದ ಬಂದವರು ಎಂಬುದು ಊರಿಗೆಲ್ಲ ಗೊತ್ತಿತ್ತು. ಹೆಸರು ಹೇಳಿದರೆ ಸಾಕು, ಯಾರೂ ನೆನಪು ಇಟ್ಟುಕೊಳ್ಳಬೇಕಾಗಿರಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತೆರಡರ ಚಳಿಗಾಲದಲ್ಲಿ ಕಸಿಲ್ದಾ ಅವರ ಅಣ್ಣ ಅಮಾನ್ಸಿಯೊ ಅವರ ಮದುವೆಯ ಮಾತು ನಡೆಯುತ್ತಿತ್ತು. ಆಲಿವ್ ಕೊಯ್ಲು ಮುಗಿಸಿ ಮದ್ಯದಂಗಡಿಯಲ್ಲಿ ಕೂತಿದ್ದಾಗ ಹೆಣ್ಣಿನ ತಂದೆ ಎಲ್ಲರ ಮುಂದೆ ನಕ್ಕು ಹೇಳಿದ:

"ಲೋ ಬೆನಿಗ್ನೊ, ಎಲ್ಲಾ ಸರಿ ಕಣೋ. ನನ್ನ ಮೊಮ್ಮಕ್ಕಳಿಗೆ ನಿನ್ನ ಹೆಸರು ಬರುತ್ತೋ, ಆ ಗೋಡೆ ತೂತಿನ ಹೆಸರು ಬರುತ್ತೋ, ಅದೊಂದು ಹೇಳಿಬಿಡು."

"ಗೋಡೆ ಆದ್ರೂ ನಮ್ಮನ್ನ ಒಳಗೆ ಕರ್ಕೊಂಡ್ತು, ನೀನು ಕರ್ಕೊಳ್ಳೋ ಹಂಗೆ ಕಾಣಲ್ಲ" ಎಂದು ಬೆನಿಗ್ನೊ ಎದ್ದುಬಂದರು. ಮನೆಗೆ ಬಂದವರು ಊಟ ಮಾಡಲಿಲ್ಲ. ಇಂಥ ಹೆಸರನ್ನು ಹೊತ್ತವರು ಬೇಕಾದರೆ ಬಿಟ್ಟು ಬೇರೆ ಹೆಸರು ಪಡೆಯಲು ಕಾನೂನು ಅವಕಾಶ ಕೊಟ್ಟಿತ್ತು. ಅರ್ಜಿಗೆ ಅಜ್ಜನ ಜ್ಞಾನಸ್ನಾನದ ಪ್ರತಿ ಬೇಕೆಂದು ಯಾರೋ ಹೇಳಿದರು. ಅದನ್ನು ತರಲು ಹತ್ತೊಂಬತ್ತರ ಮಗಳನ್ನು ಕಳಿಸಿದರು.

ಕಸಿಲ್ದಾ ಅವರು ದಾಖಲೆಕೋಣೆಗೆ ಮೊದಲು ಕಾಲಿಟ್ಟದ್ದು ಹೀಗೆ, ಆ ಹೆಸರನ್ನು ಕಳಚಿಹಾಕಲು ಬೇಕಾದ ಒಂದು ಕಾಗದಕ್ಕಾಗಿ.

ಆಗ ಕೋಣೆಯ ಮೇಲ್ವಿಚಾರಕರಾಗಿದ್ದವರು ಪಾದ್ರಿ ದೊನ್ ಫಕುಂದೊ. ಅವರು ಸಾವಿರದ ಎಂಟುನೂರ ಎಪ್ಪತ್ತನಾಲ್ಕರ ಪುಸ್ತಕವನ್ನು ತೆಗೆದು ಜನವರಿ ಹನ್ನೊಂದರ ಪುಟವನ್ನು ತೋರಿಸಿದರು. 'ಇಲಾರಿಯೊ, ಗಂಡು, ಎರಡು ದಿನದ ಕೂಸು, ಮೈಮೇಲೆ ಒಗೆದ ಬಟ್ಟೆ' ಎಂದಿಷ್ಟೇ ಇತ್ತು. ಪುಟದ ಕೆಳಗೆ ತ್ರಿಕೋನವಾಗಿ ಮೂರು ಸೂಜಿತೂತು ಇದ್ದವು. ಅವುಗಳ ಸುತ್ತ ಕಾಗದ ಸ್ವಲ್ಪ ಬೆಳ್ಳಗೆ, ಅಂಗೈ ಅರ್ಧದಷ್ಟು ಅಗಲ, ಏನನ್ನೋ ಬಹುಕಾಲ ಮುಚ್ಚಿಟ್ಟು ತೆಗೆದಂತೆ ಕಾಣುತ್ತಿತ್ತು.

"ಇದೇನು ಫಾದರ್, ತೂತು?"

ದೊನ್ ಫಕುಂದೊ ಕಪಾಟಿನಿಂದ ಬಿಸ್ಕತ್ತಿನ ಹಳೆಯ ತಗಡಿನ ಡಬ್ಬವೊಂದನ್ನು ತಂದು ಮೇಜಿನ ಮೇಲಿಟ್ಟರು. ಒಳಗೆ ಅಂಕುಡೊಂಕಾಗಿ ಕತ್ತರಿಸಿದ ಅರ್ಧ ಇಸ್ಪೀಟೆಲೆಗಳು, ಅರ್ಧ ಸಂತರ ಪಟಗಳು, ರಿಬ್ಬನ್ನಿನ ತುಂಡುಗಳು, ಎರಡಾಗಿ ಕತ್ತರಿಸಿದ ಪದಕಗಳು ರಾಶಿಯಾಗಿ ಬಿದ್ದಿದ್ದವು. ಮಗುವನ್ನು ಗೂಡಿಗೆ ಇಡುವ ತಾಯಂದಿರಲ್ಲಿ ಕೆಲವರು ಏನಾದರೊಂದನ್ನು ಎರಡು ತುಂಡು ಮಾಡಿ ಒಂದನ್ನು ಮಗುವಿನ ಬಟ್ಟೆಗೆ ಸಿಕ್ಕಿಸಿ, ಇನ್ನೊಂದನ್ನು ತಾವು ಇಟ್ಟುಕೊಳ್ಳುತ್ತಿದ್ದರು. ಕಾಲ ಕೂಡಿಬಂದರೆ ಆ ತುಂಡನ್ನು ಹಿಡಿದು ಬರಬೇಕು. ಎರಡೂ ಕೂಡಿದರೆ ಮಗು ಅವರದು. ಸನ್ಯಾಸಿನಿಯರು ಮಗುವಿನ ಕಡೆಯ ತುಂಡನ್ನು ಅದರ ಪುಟಕ್ಕೇ ಹೊಲಿದಿಡುತ್ತಿದ್ದರು. ಕಣ್ಣೆದುರು ತುಂಡೇ ಇರುವಾಗ ಅದರ ವಿವರವನ್ನು ಬರೆಯುವ ಪದ್ಧತಿ ಇರಲಿಲ್ಲ. ತಾಯಿ ಬಂದು ಮಗುವನ್ನು ಬಿಡಿಸಿಕೊಂಡರೆ ಎರಡು ತುಂಡೂ ಅವಳ ಕೈಗೆ ಹೋಗುತ್ತಿದ್ದವು, ಪುಟದ ಅಂಚಿನಲ್ಲಿ 'ಒಪ್ಪಿಸಿದೆ' ಎಂದು ಒಂದು ಮಾತು ಬೀಳುತ್ತಿತ್ತು.

"ಐವತ್ತೆಂಟರಲ್ಲಿ ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸಿದೆವು" ಎಂದರು ದೊನ್ ಫಕುಂದೊ. "ಒಳಗೆಲ್ಲ ಉಬ್ಬಿಕೊಂಡಿತ್ತು ಮಗಳೇ, ರಟ್ಟು ಕೂರುತ್ತಿರಲಿಲ್ಲ. ಇವನ್ನೆಲ್ಲ ಬಿಚ್ಚಿ ಒಂದು ಕಡೆ ಹಾಕಿ ಅಂತ ನಾನೇ ಹೇಳಿದೆ. ಯಾವುದು ಯಾವ ಪುಟದ್ದು ಅಂತ ಗುರುತು ಹಾಕಿಸಬೇಕು ಅನ್ನೋದು ಹೊಳೆಯಲಿಲ್ಲ. ಅಂಚೂ ಕತ್ತರಿಸಿ ಸಮ ಮಾಡಿದರು. ನೋಡೋಕೆ ಚೆನ್ನಾಗಿತ್ತು. ನಾನು ಶಭಾಷ್ ಅಂದೆ."

ಡಬ್ಬದಲ್ಲಿ ಇನ್ನೂರ ಹದಿನಾಲ್ಕು ತುಂಡುಗಳಿದ್ದವು. ತೂತು ಇದ್ದ ಪುಟಗಳು ಮುನ್ನೂರಕ್ಕೂ ಮಿಕ್ಕಿದ್ದವು. ತೂತು ಇದ್ದ ಮಾತ್ರಕ್ಕೆ ಕುರುಹು ಇತ್ತೆಂದು ಹೇಳುವಂತಿರಲಿಲ್ಲ. ಹಾಲೂಡುವ ದಾದಿಯ ಚೀಟಿಯನ್ನೂ ಕೆಲವೊಮ್ಮೆ ಅಲ್ಲಿಯೇ ಹೊಲಿಯುತ್ತಿದ್ದರು.

ಕಸಿಲ್ದಾ ಅವರು ಪ್ರತಿಯನ್ನು ತೆಗೆದುಕೊಳ್ಳದೆ ಮನೆಗೆ ಹೋದರು. ತಂದೆಗೆ ಎಲ್ಲವನ್ನೂ ಹೇಳಿ, ಅರ್ಜಿಯನ್ನು ಸ್ವಲ್ಪ ತಡೆಯಬೇಕೆಂದು ಕೇಳಿಕೊಂಡರು. ಅಜ್ಜನ ಪುಟದ ತುಂಡು ಆ ಡಬ್ಬದಲ್ಲಿದ್ದರೆ ಅವರ ತಾಯಿ ಮತ್ತೆ ಬರುವ ಮನಸ್ಸಿನಿಂದ ಇಟ್ಟುಹೋದಳು ಎಂದು ತಿಳಿಯುತ್ತದೆ. ಆಗಲೂ ಬೇಡವೆನಿಸಿದರೆ ಹೆಸರನ್ನು ಬಿಡಬಹುದು ಎಂಬುದು ಅವರ ವಾದ.

"ಅಜ್ಜ ಒಂದೊಂದು ಸಲ 'ನಮ್ಮಮ್ಮ ಹಂಗಂತಿದ್ಲು, ನಮ್ಮಮ್ಮನ ಕೈ ಸಾಬೂನಿನ ವಾಸನೆ' ಅನ್ನೋರು" ಎಂದರು ಬೆನಿಗ್ನೊ. "ಯಾವ ಅಮ್ಮ? ದಾದಿ ಇರ್ಬೇಕು ಅಂತ ನಾವು ಸುಮ್ನಾಗ್ತಿದ್ವಿ. ಬಿಟ್ಟೋದ್ರೋ, ಬರ್ತೀನಿ ಅಂತ ಇಟ್ಟೋದ್ರೋ, ಅದೊಂದು ಗೊತ್ತಾದ್ರೆ ಸಾಕು ನಂಗೆ. ಎಷ್ಟು ದಿನ ಬೇಕು?"

"ಒಂದು ವರ್ಷ ಅಪ್ಪಾ."

ಅಮಾನ್ಸಿಯೊ ಕಾಯಲಿಲ್ಲ. ಹೆಸರು ಬದಲಿಸಿಕೊಂಡು, ಮದುವೆಯಾಗಿ, ಬಾರ್ಸಿಲೋನಾಗೆ ಹೋದರು. ಅವರನ್ನು ದೂರಬೇಕಾದ ಕಾರಣವೂ ಇಲ್ಲ. ಬೆನಿಗ್ನೊ ಅರ್ಜಿಯನ್ನು ಮಡಿಸಿ ಮನೆಯ ಗೋಡೆಗೂಡಿನಲ್ಲಿಟ್ಟರು. ಕಸಿಲ್ದಾ ಅವರು ದೊನ್ ಫಕುಂದೊ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು.

ಅವರ ಕೆಲಸದ ರೀತಿಯನ್ನು ಹತ್ತಿರದಿಂದ ಕಂಡವರಿಗೆ ಅದು ಜಪದಂತೆ ತೋರುತ್ತಿತ್ತು. ಒಂದು ತುಂಡನ್ನು ತೆಗೆದುಕೊಂಡು, ಅದರ ತೂತುಗಳ ನಡುವಣ ಅಂತರವನ್ನು ತೆಳು ಕಾಗದದಲ್ಲಿ ಗುರುತು ಮಾಡಿ, ಪುಟದಿಂದ ಪುಟಕ್ಕೆ ಇಟ್ಟು ನೋಡುತ್ತಿದ್ದರು. ತೂತು ಹೊಂದಿದರೆ ನೆರಳನ್ನು, ಎಂದರೆ ತುಂಡಿನ ಕೆಳಗೆ ಬೆಳ್ಳಗುಳಿದ ಜಾಗವನ್ನು ನೋಡಬೇಕು, ನೆರಳು ಹೊಂದಿದರೆ ಪದಕದ ತುಕ್ಕನ್ನೋ ರಿಬ್ಬನ್ನಿನ ಬಣ್ಣವನ್ನೋ ನೋಡಬೇಕು. ಮೂರೂ ಹೊಂದಿದರೆ ಮಾತ್ರ, ಮೊದಲಿನ ತೂತುಗಳಲ್ಲಿಯೇ ಸೂಜಿ ಹಾಯಿಸಿ ಹೊಲಿಯುವುದು. ಹೊಸ ತೂತು ಒಂದನ್ನೂ ಅವರು ಮಾಡಲಿಲ್ಲ. ಮೊದಲ ವರ್ಷದಲ್ಲಿ ಹನ್ನೆರಡು ತುಂಡುಗಳು ತಮ್ಮ ತಮ್ಮ ಪುಟ ಸೇರಿದವು. ದೊನ್ ಫಕುಂದೊ ತೀರಿಕೊಳ್ಳುವ ಹೊತ್ತಿಗೆ ಅರವತ್ತೊಂದು ಸೇರಿದ್ದವು. ಕೊನೆಯ ದಿನಗಳಲ್ಲಿ ಅವರು ಪ್ರತಿ ಭಾನುವಾರ ಹೇಳಿಕಳಿಸಿ ಸಂಖ್ಯೆಯನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ಮೂರನೆಯ ವರ್ಷದಲ್ಲಿ ನಮ್ಮ ಇಸ್ಪೀಟಿನ ಬಟ್ಟಲುಗಳ ರಾಜನ ಅರ್ಧ ಎಲೆ ಅವರ ಕೈಗೆ ಬಂತು. ಇಟ್ಟು ನೋಡಿದರೆ ಇಲಾರಿಯೊನ ಪುಟಕ್ಕೆ ತೂತೂ ಹೊಂದಿತು, ನೆರಳೂ ಹೊಂದಿತು. ತುಕ್ಕು ಹಿಡಿಯದ, ಬಣ್ಣ ಬಿಡದ ಎಲೆಗೆ ಮೂರನೆಯ ಪರೀಕ್ಷೆ ಇರಲಿಲ್ಲ. ಆ ದಿನ ಅವರು ಅಲ್ಲಿಯೇ ನಿಲ್ಲಿಸಿದ್ದರೆ ಈ ಲೇಖನಕ್ಕೆ ಬೇರೆ ಕೊನೆ ಇರುತ್ತಿತ್ತು. ಆದರೆ ರೂಢಿಯಂತೆ ಮುಂದಿನ ಹಿಂದಿನ ಪುಟಗಳಿಗೂ ಇಟ್ಟು ನೋಡಿದರು. ಎರಡು ದಿನ ಹಿಂದೆ, ಜನವರಿ ಒಂಬತ್ತರಂದು ಬಂದ ಕ್ರಿಸ್ಪೀನ್ ಎಂಬ ಕೂಸಿನ ಪುಟಕ್ಕೂ ಅದು ಹಾಗೆಯೇ ಹೊಂದಿತು. ಎರಡು ಪುಟ, ಒಂದು ಎಲೆ.

ಮನೆಯಲ್ಲಿ ಇದನ್ನು ಹೇಳಿದಾಗ ಬೆನಿಗ್ನೊ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಹೊಂದುತ್ತೆ ಅಂತ ನೀನೇ ಹೇಳ್ತೀಯಲ್ಲ. ಹೊಲಿದುಬಿಡು ಮತ್ತೆ."

"ಇನ್ನೊಂದಕ್ಕೂ ಹೊಂದುತ್ತೆ ಅಪ್ಪಾ."

"ಆ ಇನ್ನೊಬ್ಬನ ಕಡೆಯೋರು ಯಾರಾದ್ರೂ ಬಂದು ಕೇಳಿದಾರಾ?"

"ಇಲ್ಲ."

"ನಾನು ಕೇಳ್ತಿದೀನಲ್ಲ, ಮನೇಲೇ ಕೂತು! ಕೋಣೆ ಬೀಗ ನಿನ್ನ ಹತ್ರ, ಸೂಜಿ ನಿನ್ನ ಹತ್ರ. ಯಾರು ನೋಡ್ತಾರೆ?"

ಕಸಿಲ್ದಾ ಅವರೂ ಒಂದು ಬೆಳ್ಳುಳ್ಳಿ ಎತ್ತಿಕೊಂಡು ಸುಲಿಯತೊಡಗಿದರು. ಬೆನಿಗ್ನೊ ಸಿಪ್ಪೆಯನ್ನು ಒಲೆಗೆ ಹಾಕಿ, "ದೇವರು ನಂಗೆ ಒಬ್ಬ ಮಗಳನ್ನ ಕೊಟ್ಟ, ಅವಳಿಗೆ ಪಾದ್ರಿಗಳ ತಲೆ ಕೊಟ್ಟ" ಎಂದರು. ಅದಾದ ಮೇಲೆ ಎಂಟು ದಿನ ಮಗಳೊಡನೆ ಮಾತಾಡಲಿಲ್ಲ. ಒಂಬತ್ತನೆಯ ದಿನ ಮಗಳು ಕೆಲಸಕ್ಕೆ ಹೋಗುವಾಗ ಬುತ್ತಿಯನ್ನು ಅವರೇ ಕಟ್ಟಿಕೊಟ್ಟರು. ಎಲೆ ಡಬ್ಬದಲ್ಲಿಯೇ ಉಳಿಯಿತು.

ಈ ನಡುವೆ ಆ ಹೆಸರು ಕಡಲಾಚೆಯಿಂದ ತಾನಾಗಿ ಅವರ ಮೇಜಿಗೆ ಬರತೊಡಗಿತ್ತು. ಕೂಬಾದಿಂದ, ಮನಿಲಾದಿಂದ, ಕನಾರಿ ದ್ವೀಪಗಳಿಂದ ಕಾಗದಗಳು ಬಂದವು. ಕಾಗದ ಬರೆದವರಿಗೆಲ್ಲ ಅವರು ಸ್ವಂತ ಕೈಯಿಂದಲೇ ಉತ್ತರ ಬರೆದರು. ಸ್ಪ್ಯಾನಿಷ್ ಬಾರದವರಿಗೂ ಉತ್ತರಿಸಲೆಂದು ನಲವತ್ತು ದಾಟಿದ ಮೇಲೆ ಇಟಾಲಿಯನ್, ಪೋರ್ಚುಗೀಸ್ ಭಾಷೆಗಳನ್ನು ಕಲಿತರು. ನೇಪಲ್ಸ್ ನಗರ ಸ್ಪೇನಿನ ದೊರೆಗಳ ಕೈಕೆಳಗಿದ್ದ ಕಾಲದಲ್ಲಿ ಅಲ್ಲಿಯೂ ಅಂಥದೇ ಗೂಡು, ಅಂಥದೇ ಪುಸ್ತಕ ಇದ್ದವು. ಅಲ್ಲಿ ಹೆಸರು ಕೊಂಚ ಮೆತ್ತಗಾಗಿ ಎಸ್ಪೊಸಿತೊ ಆಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ಹೆಸರನ್ನು ಇಡಬಾರದೆಂದು ಅಲ್ಲಿನ ಸರ್ಕಾರ ತಡೆದ ಹೊತ್ತಿಗೆ ಅದು ಬೀದಿಬೀದಿಯಲ್ಲಿ ಬೇರುಬಿಟ್ಟಾಗಿತ್ತು. ಅಂಥ ಮಕ್ಕಳನ್ನು ರೋಮಿನವರು 'ಎಸೆದವರು' ಎಂದು ಕರೆದರು, ಸಿಸಿಲಿಯವರು 'ಸಿಕ್ಕವರು' ಎಂದರು, ಫ್ಲಾರೆನ್ಸಿನವರು 'ಏನೂ ಅರಿಯದವರು' ಎಂದರು. ಕಸಿಲ್ದಾ ಅವರು ತಮ್ಮ ಸೂಚಿಯ ಮುನ್ನುಡಿಯಲ್ಲಿ ಇದನ್ನೆಲ್ಲ ಹೇಳಿ ಒಂದು ಮಾತು ಸೇರಿಸಿದ್ದಾರೆ: ಕೂಸು ಎಲ್ಲ ಕಡೆಯೂ ಒಂದೇ, ಇಟ್ಟವರ ಕೈಯನ್ನು ನೋಡಿದವರು ಒಂದು ಹೆಸರಿಟ್ಟರು, ಎತ್ತಿಕೊಂಡವರ ಕೈಯನ್ನು ನೋಡಿದವರು ಇನ್ನೊಂದು ಹೆಸರಿಟ್ಟರು. ಇಡೀ ಪುಸ್ತಕದಲ್ಲಿ ಅವರು ಸ್ವಂತ ಅಭಿಪ್ರಾಯವೆಂದು ಬರೆದ ವಾಕ್ಯ ಇದೊಂದೇ ಇರಬೇಕು.

ಹುಡುಕಿಕೊಂಡು ಬಂದವರಿಗೆ ಅವರು ಪುಟವನ್ನು ಮೊದಲು ತೋರಿಸುತ್ತಿರಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಮಣ್ಣಿನ ಹೂಜಿಯಿಂದ ನೀರು ಕೊಟ್ಟು, ತಾವು ಎದ್ದು ನಿಂತು ಪುಟದಲ್ಲಿದ್ದುದನ್ನು ಪೂರ್ತಿ ಓದಿ ಹೇಳುತ್ತಿದ್ದರು. ಯಾಕೆ ನಿಂತು ಓದುತ್ತೀರಿ ಎಂದು ಒಬ್ಬರು ಕೇಳಿದಾಗ, "ಆ ಮಗು ಬಂದಾಗ ಯಾರೂ ಎದ್ದು ನಿಲ್ಲಲಿಲ್ಲವಲ್ಲ, ಅದಕ್ಕೆ" ಎಂದರು. ಮೂವತ್ತು ದಾಟಿದ ಲಾರಿ ಚಾಲಕನೊಬ್ಬ ಹಾಗೆ ಕೇಳುತ್ತ ಕೇಳುತ್ತ ಅತ್ತುಬಿಟ್ಟದ್ದೂ, ಆತ ಸಮಾಧಾನಗೊಳ್ಳುವವರೆಗೆ ಕಸಿಲ್ದಾ ಅವರು ಕಿಟಕಿಯ ಹೂಕುಂಡಗಳಿಗೆ ನೀರು ಹಾಕುತ್ತ ಬೆನ್ನು ತಿರುಗಿಸಿ ನಿಂತದ್ದೂ ಪಕ್ಕದ ಕೋಣೆಯವರಿಗೆ ನೆನಪಿದೆ. ಕುಂಡಗಳಿಗೆ ಬೆಳಿಗ್ಗೆಯೇ ನೀರು ಹಾಕಿ ಆಗಿತ್ತು.

ಬೆನಿಗ್ನೊ ತೊಂಬತ್ತೊಂದರ ನವೆಂಬರಿನಲ್ಲಿ ತೀರಿಕೊಂಡರು. ಒಂದು ವರ್ಷವೆಂದು ಕೇಳಿದ್ದ ಮಗಳಿಗೆ ಹತ್ತೊಂಬತ್ತು ವರ್ಷ ಕೊಟ್ಟಿದ್ದರು. ಅರ್ಜಿ ಗೂಡಿನಲ್ಲೇ ಇತ್ತು. ಕೊನೆಯ ವಾರದಲ್ಲಿ, ಪವಿತ್ರ ತೈಲ ಲೇಪಿಸಿಕೊಂಡ ಮೇಲೆ, ಅವರು ಮಗಳನ್ನು ಕರೆದು ಹೇಳಿದರು:

"ಸಮಾಧಿ ಕಲ್ಲಿಗೆ ಹೇಳಿ ಆಗಿದೆ. ನನ್ನ ಹೆಸರು ಇರುತ್ತೆ, ನಮ್ಮಮ್ಮನ ಕಡೆ ಹೆಸರು ಇರುತ್ತೆ. ಮಧ್ಯದ್ದು ಖಾಲಿ. ನಿಂಗೆ ಗೊತ್ತಾದ ದಿವ್ಸ ತುಂಬ್ಸು. ಅಲ್ಲೀವರ್ಗೂ ಸುಳ್ಳೂ ಕೆತ್ತಿಸ್ಬೇಡ, ನಿಜಾನೂ ಕೆತ್ತಿಸ್ಬೇಡ."

"ಜನ ನಗ್ತಾರೆ ಅಪ್ಪಾ."

"ನಗಲಿ ಬಿಡು. ನಾನು ಒಳಗಿರ್ತೀನಿ, ನಂಗೇನು ಕೇಳ್ಸುತ್ತೆ."

ಜನ ನಕ್ಕರು. ನಮ್ಮ ಊರಿನ ಸ್ಮಶಾನದ ಗೋಡೆಯಲ್ಲಿ ಸಾಲಾಗಿರುವ ಸಮಾಧಿಗೂಡುಗಳಲ್ಲಿ ಒಂದರ ಕಲ್ಲಿನ ಮೇಲೆ 'ಬೆನಿಗ್ನೊ' ಎಂದು, ಆಮೇಲೆ ಒಂದು ಬಯಲು, ಆಮೇಲೆ 'ರುಯಿಸ್' ಎಂದು ಇತ್ತು. ಸತ್ತವರ ಹಬ್ಬದ ದಿನ ಸೇವಂತಿಗೆ ಹಿಡಿದು ಬಂದವರು ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿದ್ದರು. ಕಸಿಲ್ದಾ ಅವರು ಪ್ರತಿ ವರ್ಷ ಆ ಕಲ್ಲನ್ನು ಒರೆಸಿ, ಬಯಲು ಜಾಗವನ್ನೂ ಒರೆಸಿ, ಜಪಸರ ಮುಗಿಸಿ ಬರುತ್ತಿದ್ದರು.

ಎರಡು ಸಾವಿರದ ಹನ್ನೆರಡರಲ್ಲಿ ಹಳೆಯ ಪುಸ್ತಕಗಳನ್ನು ದುರಸ್ತಿ ಮಾಡಿಸುವ ಅವಕಾಶ ಒದಗಿತು. ಐವತ್ತೆಂಟರ ರಟ್ಟುಗಾರ ಪುಟಗಳ ಕೆಳ ಅಂಚಿನ ಹಿಂಬದಿಗೆ ಬಲಕ್ಕೆಂದು ಅಂಟಿಸಿದ್ದ ಕಾಗದದ ಪಟ್ಟಿಗಳನ್ನು ಹಬೆ ಕೊಟ್ಟು ಬಿಡಿಸಿದರು. ಕ್ರಿಸ್ಪೀನನ, ಒಂಬತ್ತನೆಯ ತಾರೀಖಿನ ಪುಟದ ತೂತುಗಳ ಹಿಂದೆ ಹಳದಿ ಬಳೆಯಂಥ ಕಲೆ ಕಂಡಿತು. ಜೇನುಮೇಣ. ಆ ದಿನ ಬರೆದ ಸನ್ಯಾಸಿನಿ ದಾರಕ್ಕೆ ಮೇಣ ಸವರಿ ಹೊಲಿಯುತ್ತಿದ್ದವಳು. ಅವಳ ಕೈಬರಹವಿದ್ದ ಪುಟಗಳಲ್ಲೆಲ್ಲ ಅದೇ ಕಲೆ ಇತ್ತು. ಇಲಾರಿಯೊನ, ಹನ್ನೊಂದರ ಪುಟ ಇನ್ನೊಬ್ಬಳ ಕೈಯದು. ಅವಳು ಬರಿ ದಾರದಲ್ಲಿ ಹೊಲಿಯುತ್ತಿದ್ದಳು, ತೂತುಗಳು ಶುಭ್ರವಾಗಿದ್ದವು. ಕಸಿಲ್ದಾ ಅವರು ಡಬ್ಬದಿಂದ ಬಟ್ಟಲುಗಳ ರಾಜನನ್ನು ತೆಗೆದು ಬೆಳಕಿಗೆ ಹಿಡಿದರು. ಎಲೆಯ ಮೂರು ತೂತಿನ ಸುತ್ತಲೂ ಮೇಣವಿತ್ತು.

ಮೂವತ್ತೇಳು ವರ್ಷ ಕಾದಿಟ್ಟ ಎಲೆಯನ್ನು ಅವರು ಅಂದು ಮಧ್ಯಾಹ್ನದ ಪ್ರಾರ್ಥನೆಯ ಗಂಟೆಗೆ ಮುಂಚೆ ಕ್ರಿಸ್ಪೀನನ ಪುಟಕ್ಕೆ ಹೊಲಿದರು. ತಮ್ಮ ಮುತ್ತಜ್ಜನ ಪುಟಕ್ಕೆ ಸೂಚಿಯಲ್ಲಿ 'ಮೂರು ತೂತು. ಅಂಚು ಕತ್ತರಿಸಿದೆ. ತುಂಡು ಇಲ್ಲ. ಕಾರಣ ತಿಳಿಯದು' ಎಂದು ಬರೆದರು. ಆ ಸಂಜೆ ಎಂದಿನಂತೆ ಬೀಗ ಹಾಕಿ, "ನಾಳೆ ಸಿಗೋಣ" ಎಂದು ಹೇಳಿ ಹೋದರು. ನಡೆದದ್ದೇನೆಂದು ನಮಗೆ ತಿಳಿದದ್ದು ಸೂಚಿ ಅಚ್ಚಾಗಿ ಬಂದ ಮೇಲೆ.

ಕಳೆದ ವರ್ಷ ಮೇ ತಿಂಗಳಲ್ಲಿ ಅರ್ಜೆಂಟೀನಾದ ರೊಸಾರಿಯೊದಿಂದ ಎಪ್ಪತ್ತೇಳರ ನೆಲಿದಾ ಎಸ್ಪೊಸಿತೊ ಎಂಬ ಹೆಂಗಸು ಬಂದರು. ಕ್ರಿಸ್ಪೀನ್ ಆಕೆಯ ತಾತ. ಹಡಗು ಹತ್ತಿ ಹೋದ ಆತ ನೇಪಲ್ಸಿನವರ ಕೇರಿಯಲ್ಲಿ ಮನೆ ಮಾಡಿದ್ದರಿಂದ, ಆ ಹೆಸರಿನವರೆಲ್ಲ ನೇಪಲ್ಸಿನವರೇ ಎಂದು ಬಗೆದ ಊರು ಅವರನ್ನೂ ಹಾಗೆಯೇ ಲೆಕ್ಕಕ್ಕೆ ಹಿಡಿದಿತ್ತು.

"ತಾತ ಬಾಯಿ ಬಿಡ್ತಿರಲಿಲ್ಲ ಕಣಮ್ಮ" ಎಂದರು ನೆಲಿದಾ, ನೀರು ಕುಡಿದು ಕೂತ ಮೇಲೆ. "ನಾವು ಎರಡು ತಲೆಮಾರು ನೇಪಲ್ಸಿನವರ ಹಬ್ಬ ಮಾಡಿದ್ವಿ, ಅವರ ಸಿಹಿ ಕರಿದ್ವಿ. ನಮ್ಮಪ್ಪ ಅಂತೂ ಕೈ ಆಡಿಸ್ಕೊಂಡೇ ಜಗಳ ಆಡೋರು, ಅವರ ಥರಾನೇ. ಎಲ್ಲಾ ಸುಳ್ಳು ಅಂತ ಹೋದ ವರ್ಷ ಗೊತ್ತಾಯ್ತು. ತಾತನ ಪೆಟ್ಟಿಗೇಲಿ ನಿಮ್ಮ ಊರಿನ ಕಾಗದ ಇತ್ತು."

"ಸಿಹಿ ಸುಳ್ಳಲ್ಲವಲ್ಲ" ಎಂದರು ಕಸಿಲ್ದಾ.

"ಅದೇನೋ ನಿಜ. ಅದನ್ನ ಬಿಡಲ್ಲ ನಾನು."

"ಅಲ್ಲಿ ಈ ಹೆಸರಿಗೆ ಏನೂ ಅನ್ನಲ್ವೇ?"

"ಏನಂತಾರೆ? ನಮ್ಮ ಬೀದೀಲಿ ನಿಂತು ಈ ಹೆಸರು ಕೂಗಿದ್ರೆ ಮಾಂಸದ ಅಂಗಡಿಯೋನೂ ತಿರುಗ್ತಾನೆ, ಡಾಕ್ಟರೂ ತಿರುಗ್ತಾರೆ."

ಕಸಿಲ್ದಾ ಅವರು ನಿಂತು ಪುಟವನ್ನು ಓದಿ, ಆಮೇಲೆ ಪುಸ್ತಕವನ್ನು ಆಕೆಯ ಕಡೆಗೆ ತಿರುಗಿಸಿದರು. ನೆಲಿದಾ ಅರ್ಧ ರಾಜನ ಕತ್ತರಿಸಿದ ಅಂಚಿನ ಮೇಲೆ ಬೆರಳಾಡಿಸಿದರು. ಕಸಿಲ್ದಾ ಅವರು ಹೂಕುಂಡಗಳ ಕಡೆಗೆ ಹೋಗುವಷ್ಟರಲ್ಲಿ ಆಕೆ ಕೇಳಿದರು:

"ಇದು ಇಲ್ಲೇ ಇದೆ ಅಂದ್ರೆ ಅವಳು ಬರಲೇ ಇಲ್ಲ ಅಂತ ತಾನೆ?"

"ಹೌದು. ಬರಬೇಕು ಅಂತ ಇಟ್ಟಿದ್ಲು. ಬರೋಕಾಗಲಿಲ್ಲ."

"ಬರಬೇಕು ಅಂತಿದ್ಲಲ್ಲ, ಸಾಕು ಬಿಡಿ." ಆಕೆ ಕಣ್ಣೊರೆಸಿಕೊಂಡರು. "ನಿಮ್ಮದೂ ಇದೇ ಹೆಸರಲ್ವೇ? ನಿಮ್ಮೋರ ಪುಟ ಎಲ್ಲಿ?"

ಕಸಿಲ್ದಾ ಅವರು ಹಾಳೆ ಮಗುಚಿ ತೋರಿಸಿದರು. ಮೂವತ್ತೇಳು ವರ್ಷ ಎಲೆ ತಮ್ಮ ಬಳಿ ಇದ್ದುದನ್ನೂ, ಅದು ಎರಡಕ್ಕೂ ಹೊಂದಿದ್ದನ್ನೂ, ಮೇಣದಿಂದ ತಿಳಿದದ್ದನ್ನೂ ಮುಚ್ಚಿಡದೆ ಹೇಳಿದರು. ನೆಲಿದಾ ತೂತುಗಳನ್ನು ದಿಟ್ಟಿಸಿ ನೋಡಿದರು.

"ತೂತು ಇದೆ, ತುಂಡು ಇಲ್ಲ. ಅಂದ್ರೆ ನಿಮ್ಮೋಳು ಬಂದಿದಾಳೆ! ತಗೊಂಡು ಹೋಗಿದಾಳೆ!"

"ದಾದಿಯ ಚೀಟಿ ಇದ್ದಿರಬಹುದು. ಇಲ್ಲಾ ಡಬ್ಬದಿಂದ ಬಿದ್ದು ಹೋಗಿರಬಹುದು."

"ಬಂದೂ ಇರಬಹುದು ತಾನೆ?"

"ಅಂಚಿನಲ್ಲಿ ಬರೆದಿರಬೇಕು. ಅಂಚು ಕತ್ತರಿಸಿಬಿಟ್ಟಿದಾರೆ."

"ಬಂದೂ ಇರಬಹುದು ತಾನೆ, ಅಂತ ಕೇಳಿದೆ ನಾನು."

"ಇರಬಹುದು."

"ಅದನ್ನ ಯಾಕಮ್ಮ ಎಲ್ಲಾದಕ್ಕಿಂತ ಕೊನೇಲಿ ಹೇಳ್ತೀರಿ?"

ಕಸಿಲ್ದಾ ಅವರು ಪುಸ್ತಕವನ್ನು ಮತ್ತೆ ತಮ್ಮ ಕಡೆಗೆ ತಿರುಗಿಸಿಕೊಂಡರು. ತಾಯಿ ಬಂದು ಒಯ್ದ ಮಗುವಿಗೂ ಜ್ಞಾನಸ್ನಾನದ ಹೆಸರು ಬದಲಾಗುವುದಿಲ್ಲ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಆ ಹೆಸರನ್ನು ಹೊತ್ತ ಮಾತ್ರಕ್ಕೆ ಯಾರೂ ಬರಲಿಲ್ಲ ಎಂದು ಅರ್ಥವಾಗುವುದಿಲ್ಲ ಎಂದು ಎಷ್ಟೋ ಜನರಿಗೆ ಅವರೇ ಹೇಳಿ ಕಳಿಸಿದ್ದರು. ಸಾಬೂನಿನ ವಾಸನೆಯ ಕೈಯ ಅಮ್ಮನ ಮಾತೂ ಅವರಿಗೆ ಗೊತ್ತಿತ್ತು. ತಮ್ಮ ಪುಟಕ್ಕೆ ಮಾತ್ರ ಆ ಮಾತನ್ನು ಅವರು ಹೇಳಿಕೊಂಡಿರಲಿಲ್ಲ. ಸಾಕ್ಷ್ಯವಿಲ್ಲದೆ ಒಂದಕ್ಷರ ಬರೆಯಬಾರದೆಂಬ ನೇಮ ಅವರಿಗೆ ಅಂದು ತಂದೆಯ ಎದುರು ಎಷ್ಟು ಬಿಗಿಯಾಗಿತ್ತೋ ತಮ್ಮ ಎದುರಿಗೂ ಅಷ್ಟೇ ಬಿಗಿಯಾಗಿತ್ತು. ಸೂಚಿಯ ಆ ಸಾಲನ್ನು ಅವರು ಇಂದಿಗೂ ತಿದ್ದಿಲ್ಲ.

ನೆಲಿದಾ ಊರಿಗೆ ಮರಳಿದ ಮರುವಾರ ಅವರು ಕಲ್ಲು ಕೆತ್ತುವ ಫರ್ಮೀನನ ಅಂಗಳಕ್ಕೆ ಹೋದರು. ಫರ್ಮೀನ್ ಅವರ ಜೊತೆ ಶಾಲೆಗೆ ಹೋದವನು, ನಾಲಿಗೆಗೆ ಲಗಾಮಿಲ್ಲದವನು.

"ಏನು ಕಸಿಲ್ದಾ, ನಿಂಗೂ ಕಲ್ಲಿಗೆ ಹೇಳೋಕೆ ಬಂದ್ಯಾ? ಅವಸರ ಏನು?"

"ಅಪ್ಪನ ಕಲ್ಲು ತುಂಬಿಸಬೇಕು."

ಅವನು ಉಳಿಯನ್ನು ಕೆಳಗಿಟ್ಟ. "ಗೊತ್ತಾಯ್ತಾ ಹಂಗಾದ್ರೆ?"

"ಇಲ್ಲ."

"ಮತ್ತೆ?"

"ಗೊತ್ತಾಗಲ್ಲ ಅಂತ ಗೊತ್ತಾಯ್ತು. ಅದಕ್ಕೆ ಅಪ್ಪನ ಹೆಸರನ್ನ ಯಾಕೆ ಕಾಯಿಸಲಿ? ನಮ್ಮ ಹೆಸರೇ ಕೆತ್ತು. ಜಾಗ ಸಾಲುತ್ತಾ ಅಂತ ಮೊದಲು ಅಳೆದು ನೋಡು."

ಫರ್ಮೀನ್ ಅಳತೆಪಟ್ಟಿಗೆ ಕೈ ಹಾಕಲಿಲ್ಲ.

"ಅಳೆಯೋದೇನು ಬೇಡ. ಎಂಟಕ್ಷರ, ಸರಿಯಾಗಿ ಕೂರುತ್ತೆ. ನಿಮ್ಮಪ್ಪ ನಮ್ಮಪ್ಪನ ಹತ್ರ ಇಲ್ಲೇ ಕೂತು ಅಳತೆ ಹಾಕಿಸಿದ್ರು, ಸಾಯೋಕೆ ಎರಡು ತಿಂಗಳು ಮುಂಚೆ. ನಾನೇ ದಾರ ಹಿಡಿದಿದ್ದೆ. 'ಬೇರೆ ಯಾವ ಹೆಸರಿಗೂ ಜಾಗ ಬಿಡಬೇಡ, ಇದು ಮಾತ್ರ ಹಿಡಿಸಬೇಕು' ಅಂದ್ರು."

"ನಂಗೆ ಹೇಳಲಿಲ್ಲ ನೀನು."

"ಹೇಳಬೇಡ ಅಂದಿದ್ರು. 'ಅವಳು ಹುಡುಕ್ತಿರಲಿ, ಅವಳಿಗೆ ಆ ಕೆಲಸ ಇಷ್ಟ' ಅಂದ್ರು."

ಕಲ್ಲಿನ ಮೇಲೆ ಈಗ ಹೆಸರು ಪೂರ್ತಿಯಾಗಿದೆ. ಹೊಸದಾಗಿ ಕೆತ್ತಿದ ರೋಮನ್ ಲಿಪಿಯ ಎಂಟು ಅಕ್ಷರಗಳು ಅಕ್ಕಪಕ್ಕದವುಗಳಿಗಿಂತ ಬೆಳ್ಳಗೆ ಕಾಣುತ್ತವೆ. ನಾಲ್ಕಾರು ಚಳಿಗಾಲ ಕಳೆದರೆ ಒಂದೇ ಬಣ್ಣವಾದಾವು.

ಇದನ್ನು ಬರೆಯುತ್ತಿರುವವನ ಹೆಂಡತಿ ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ತೀರಿಕೊಂಡಳು. ಮರಣದ ಪುಸ್ತಕವನ್ನು ಈಗ ಗಣಕಯಂತ್ರದಲ್ಲಿಯೇ ತುಂಬುತ್ತಾರೆ. ಮೂರನೆಯ ದಿನ ಕಸಿಲ್ದಾ ಅವರು ಅವನನ್ನು ದಾಖಲೆಕೋಣೆಗೆ ಕರೆದು, ಕುರ್ಚಿಯಲ್ಲಿ ಕೂರಿಸಿ, ನೀರು ಕೊಟ್ಟು, ಹಳೆಯ ಪುಸ್ತಕವನ್ನು ತೆರೆದು ಆಕೆಯ ಹೆಸರನ್ನೂ ಎರಡು ಮನೆತನದ ಹೆಸರನ್ನೂ ಶಾಯಿಯಲ್ಲಿ ಬರೆದು, ಎದ್ದು ನಿಂತು ಓದಿದರು. ಆಮೇಲೆ ಕಿಟಕಿಯ ಕಡೆಗೆ ಹೋದರು. ಇದಕ್ಕಿಂತ ಹೆಚ್ಚಾಗಿ ಆ ಸಂಗತಿಯನ್ನು ಬರೆಯಬೇಕಾಗಿಲ್ಲ.

ಡಬ್ಬದಲ್ಲಿ ಇನ್ನೂ ಹತ್ತೊಂಬತ್ತು ತುಂಡುಗಳಿವೆ. ಬೀಗದ ಕೈ ಕೊಟ್ಟ ಮೇಲೂ ಮಂಗಳವಾರ ಮತ್ತು ಗುರುವಾರ ಬರುತ್ತೇನೆ, ಕುರ್ಚಿಯನ್ನು ಮಾತ್ರ ತೆಗೆಯಬೇಡಿ ಎಂದು ಅವರು ಹೊಸಬರಿಗೆ ಹೇಳಿದ್ದಾರಂತೆ. ಮಕ್ಕಳನ್ನು ಹೆಸರು ಹಿಡಿದು ಕರೆಯುವ ಭಗವಂತನು ಅವರ ಕಣ್ಣಿಗೆ ಸೂಜಿಯ ತೂತು ಕಾಣುವಷ್ಟು ಬೆಳಕನ್ನೂ, ಕೈಗೆ ನಡುಕವಿಲ್ಲದ ಬಹುವರ್ಷಗಳನ್ನೂ ಕರುಣಿಸಲಿ. ಹತ್ತೊಂಬತ್ತೂ ಮುಗಿಯುವ ತನಕವಾದರೂ ಅವರು ನಮ್ಮೊಡನಿರಲಿ. ಅವರು ಯಾವುದಕ್ಕೂ ಆತುರಪಡುವವರಲ್ಲ ಎಂಬುದೇ ನಮಗಿರುವ ಧೈರ್ಯ.